ಕತ್ತರಿ ಮೇಡಂ ಕಟ್ಟಿಸಿದ ಬೋರ್ಡುಗಳು

ನಗರಸಭೆಯ ಕಟ್ಟಡದ ಹಿಂಬದಿಯಲ್ಲಿ, ಮೆಟ್ಟಿಲ ಕೆಳಗಿನ ಇಕ್ಕಟ್ಟಾದ ಕೋಣೆಯೇ ಫಲಕ ವಿಭಾಗ. ಒಂದು ಮೇಜು, ಒಂದು ಕಬ್ಬಿಣದ ಬೀರು, ಗೋಡೆಗೆ ಒರಗಿಸಿದ ಮಡಚುವ ಏಣಿ. ಆ ಮೇಜಿನ ಹಿಂದೆ ಕೂರುವ ಹೆಂಗಸೊಬ್ಬರೇ ಇಡೀ ವಿಭಾಗ. ಯಾವ ಅಂಗಡಿಯವರು ಎಲ್ಲಿ, ಎಷ್ಟು ದೊಡ್ಡ ಬೋರ್ಡು ಹಾಕಬಹುದು ಎಂದು ನೋಡುವುದು, ಮಿತಿ ಮೀರಿದ್ದನ್ನು ಕೆಳಗಿಳಿಸುವುದು ಅವರ ಕೆಲಸ. ಹೊರಗೆ ಹೊರಟರೆ ಹೆಗಲ ಚೀಲದಲ್ಲಿ ಉದ್ದ ಹಿಡಿಯ ಕತ್ತರಿ ಇರಲೇಬೇಕು. ಹೀಗಾಗಿ ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಷ್ಟೇ ಉಳಿದು, ಊರಿಗೆಲ್ಲ ಅವರು ಕತ್ತರಿ ಮೇಡಂ ಆಗಿಬಿಟ್ಟರು. ಬೀದಿಯ ಈ ತುದಿಯಲ್ಲಿ ಅವರ ಸ್ಕೂಟರ್ ಸದ್ದು ಕೇಳಿದರೆ ಸಾಕು, ಆ ತುದಿಯಲ್ಲಿ ಕಂಬಕ್ಕೆ ಕಟ್ಟಿದ ಬ್ಯಾನರುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತಿದ್ದವು.

ಅವರ ಆ ಬಿಗಿತನಕ್ಕೆ ಒಂದು ಕಾರಣವಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಗಾಳಿ ಜೋರಾಗಿ ಬೀಸಿದ ಒಂದು ಮಧ್ಯಾಹ್ನ, ಚಪ್ಪಲಿ ಅಂಗಡಿಯ ಮೇಲಿದ್ದ ಕಬ್ಬಿಣದ ಬೋರ್ಡು ಕಳಚಿ, ಕೆಳಗೆ ಹೋಗುತ್ತಿದ್ದ ಶಾಲೆಯ ಮೇಷ್ಟ್ರೊಬ್ಬರ ಭುಜದ ಮೇಲೆ ಬಿತ್ತು. ಜೀವ ಉಳಿಯಿತು. ಆದರೆ ಆ ಕೈ ಮತ್ತೆಂದೂ ಕರಿಹಲಗೆಯ ಎತ್ತರಕ್ಕೆ ಏಳಲಿಲ್ಲ. ಆಸ್ಪತ್ರೆಗೆ ಹೋಗಿ ಅವರ ಹೇಳಿಕೆ ಬರೆದುಕೊಂಡು ಬಂದವರು ಇವರೇ. ಅಂದಿನಿಂದ ಅಂಗಡಿಯ ಬೋರ್ಡು ಅಂಗಡಿಯ ಸ್ವಂತ ಗೋಡೆಯ ಮೇಲಷ್ಟೇ ಇರಬೇಕು, ಬೀದಿಯಲ್ಲಾಗಲಿ ಕಂಬದಲ್ಲಾಗಲಿ ಮರದಲ್ಲಾಗಲಿ ತೂಗಕೂಡದು ಎಂಬ ನಿಯಮ ಅವರ ಪಾಲಿಗೆ ಬರಿಯ ಕಾಗದವಾಗಿ ಉಳಿಯಲಿಲ್ಲ. ಊರಿಗೆ ಬಂದ ನೆಂಟರು ‘ನಿಮ್ಮ ಬೀದೀಲಿ ತಲೆ ಎತ್ತಿದ್ರೆ ಆಕಾಶ ಕಾಣುತ್ತಲ್ಲ’ ಎಂದರೆ, ಆ ಆಕಾಶವನ್ನು ತಾವೇ ಒರೆಸಿಟ್ಟವರ ಹಾಗೆ ಒಳಗೊಳಗೇ ಹಿಗ್ಗುತ್ತಿದ್ದರು.

ಅಂಥ ಊರಿನ ಮುಖ್ಯ ರಸ್ತೆಯನ್ನು ಅಗೆಯಲು ಶುರುಮಾಡಿದರು. ನೀರಿನ ಕೊಳವೆ, ಚರಂಡಿ, ಮೇಲೆ ಹೊಸ ರಸ್ತೆ, ಎಲ್ಲ ಒಟ್ಟಿಗೆ. ರಸ್ತೆಯ ಎರಡೂ ಬದಿಗೆ ಆಳೆತ್ತರ ಮೀರಿದ ತಗಡಿನ ಗೋಡೆ ನಿಂತಿತು. ನಡುನಡುವೆ ಒಬ್ಬರು ಹೋಗುವಷ್ಟು ಸಂದು, ಸಂದಿನಾಚೆ ಗುಂಡಿ, ಗುಂಡಿಯ ಮೇಲೆ ಹಲಗೆ, ಹಲಗೆಯಾಚೆ ಅಂಗಡಿ. ಗೋಡೆಗೆ ಅಂಟಿಸಿದ್ದ ಬೋರ್ಡುಗಳೆಲ್ಲ ತಗಡಿನ ಹಿಂದೆ ಮುಚ್ಚಿಹೋದವು. ಅಂಗಡಿಯವರು ಸುಮ್ಮನಿರುತ್ತಾರೆಯೇ? ‘ಅಂಗಡಿ ತೆರೆದಿದೆ, ಒಳಗೆ ಬನ್ನಿ’ ಎಂದು ಬಟ್ಟೆಯ ಮೇಲೆ, ರಟ್ಟಿನ ಮೇಲೆ, ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಬರೆದು ತಗಡಿಗೆ ನೇತುಹಾಕಿದರು. ಕತ್ತರಿ ಮೇಡಂ ಸುಮ್ಮನಿರುತ್ತಾರೆಯೇ? ತಗಡು ಸರ್ಕಾರದ್ದು. ಒಂದೊಂದನ್ನೇ ಕತ್ತರಿಸಿ, ಮಡಚಿ, ಅವರವರ ಕೈಗೇ ಕೊಟ್ಟು ಬಂದರು.

ಆ ರಸ್ತೆಯಲ್ಲೇ ಅವರ ತಮ್ಮನ ಕನ್ನಡಕದ ಅಂಗಡಿ. ಅವನೂ ಒಂದು ಹಳದಿ ಬಟ್ಟೆಯ ಮೇಲೆ ಜೋಡಿ ಕನ್ನಡಕ ಬಿಡಿಸಿ ಕಟ್ಟಿದ್ದ. ಅಕ್ಕ ಅದರ ಮುಂದೆ ಒಂದು ಗಳಿಗೆ ನಿಂತರು. ಸುತ್ತಲಿನವರೆಲ್ಲ ನೋಡುತ್ತಿದ್ದರು. ಕತ್ತರಿ ಆಡಿತು. ತಮ್ಮ ಹೊರಬಂದು ಬಟ್ಟೆಯನ್ನು ಇಸಿದುಕೊಂಡು ಒಳಗೆ ಹೋದ. ‘ಒಡಹುಟ್ಟಿದವನದ್ದನ್ನೂ ಬಿಡ್ಲಿಲ್ಲ ಪುಣ್ಯಾತ್ಗಿತ್ತಿ’ ಎಂದು ಊರು ಮಾತಾಡಿಕೊಂಡಿತು. ಅದರಲ್ಲಿ ಬೈಗುಳ ಎಷ್ಟು, ಮೆಚ್ಚುಗೆ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಮೇಡಂ ಮಾತ್ರ ಅದನ್ನು ಮೆಚ್ಚುಗೆ ಎಂದೇ ತೆಗೆದುಕೊಂಡರು. ಆದರೆ ಅಂದಿನಿಂದ ತಮ್ಮ ಅಕ್ಕನ ಮನೆಯ ಕಡೆ ತಲೆ ಹಾಕಲಿಲ್ಲ.

ಹೀಗಿರುವಾಗ ಅವರ ಜೊತೆಗಿದ್ದ ತಾಯಿಯ ಕನ್ನಡಕದ ಕಾಲು ಮುರಿಯಿತು. ರಜೆಯ ದಿನ ನೋಡಿ ತಾಯಿಯನ್ನು ಕರೆದುಕೊಂಡು ತಮ್ಮನ ಅಂಗಡಿಗೆ ಹೊರಟರು. ಹುಟ್ಟಿದಾಗಿನಿಂದ ಓಡಾಡಿದ ರಸ್ತೆ, ಕಣ್ಣು ಕಟ್ಟಿ ಬಿಟ್ಟರೂ ಅಂಗಡಿ ಮುಟ್ಟುತ್ತೇನೆ ಎಂಬ ಧೈರ್ಯ. ಮೊದಲ ಸಂದಿನಲ್ಲಿ ನುಗ್ಗಿದರೆ ಬಣ್ಣದ ಅಂಗಡಿ ಬಂತು. ತಪ್ಪಾಯಿತೆಂದು ತಿರುಗಿ ಮುಂದಿನ ಸಂದಿನಲ್ಲಿ ಹೋದರೆ ಬರೀ ಮಣ್ಣಿನ ರಾಶಿ. ಮತ್ತೊಂದರಲ್ಲಿ ಒಬ್ಬ ಕೂಲಿಯಾಳು ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದ. ತಗಡಿಗೆ ತಗಡು, ಎಲ್ಲ ಒಂದೇ ಬಣ್ಣ, ಎಲ್ಲ ಒಂದೇ ಎತ್ತರ. ಮಗಳ ತೋಳು ಹಿಡಿದು ಹಲಗೆ ದಾಟುತ್ತಿದ್ದ ತಾಯಿ ಸುಸ್ತಾಗಿ ನಿಂತರು.

“ಎಲ್ಲೇ ಹೋಯ್ತು ಇವನ ಅಂಗಡಿ?”

“ಇಲ್ಲೇ ಇರ್ಬೇಕು ಅಮ್ಮ, ಇರು.”

“ಕಣ್ಣು ಕಾಣದವರಿಗೆ ಕನ್ನಡಕ ಮಾರೋನು ತಾನೇ ಕಾಣದ ಹಾಗೆ ಕೂತಿದ್ದಾನಲ್ಲೇ.”

ಕೊನೆಗೆ ಕ್ಷೌರದಂಗಡಿಯವನು ಕಂಡು, ದಾರಿ ತೋರಿಸಿ, ತಾನೇ ತಾಯಿಯ ಕೈಹಿಡಿದು ಹಲಗೆ ದಾಟಿಸಿದ. ಒಳಗೆ ತಮ್ಮ ಒಬ್ಬನೇ ಕೂತು, ಈಗಾಗಲೇ ಫಳಫಳ ಹೊಳೆಯುತ್ತಿದ್ದ ಗಾಜುಗಳನ್ನೇ ಮತ್ತೆ ಒರೆಸುತ್ತಿದ್ದ. ತಾಯಿಯನ್ನು ಕಂಡು ಎದ್ದು ಕುರ್ಚಿ ಎಳೆದ. ಅಕ್ಕನಿಗೆ ತಲೆಯಾಡಿಸಿದನಷ್ಟೆ.

“ಒಂದು ನರಪಿಳ್ಳೆ ಇಲ್ವಲ್ಲೋ ಅಂಗಡೀಲಿ” ಎಂದರು ತಾಯಿ. “ಹೊರಗೆ ಒಂದು ಬೋರ್ಡಾದ್ರೂ ನೇತುಹಾಕಬಾರ್ದೇನೋ?”

“ಹಾಕಿದ್ದೆ ಅಮ್ಮ.”

“ಏನಾಯ್ತು?”

“ಕತ್ತರಿಸಿ ಹಾಕಿದ್ರು.”

“ಯಾವ ಕೆಲಸ ಇಲ್ಲದವರು?”

ತಮ್ಮ ಕನ್ನಡಕದ ಸಣ್ಣ ತಿರುಪನ್ನು ಬೆಳಕಿಗೆ ಹಿಡಿದು ನೋಡಿದ. “ಕೆಲಸ ಇರೋರೇ ಅಮ್ಮ” ಎಂದ.

ತಾಯಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಮಗಳ ಕಡೆ ಒಮ್ಮೆ, ಮಗನ ಕಡೆ ಒಮ್ಮೆ ನೋಡಿ, “ಇಬ್ಬರೂ ನಿಮ್ಮಪ್ಪನ ಮಕ್ಕಳೇ” ಎಂದರು.

ಮರುದಿನ ಮೇಡಂ ಕತ್ತರಿಯನ್ನು ಬೀರುವಿನಲ್ಲೇ ಬಿಟ್ಟು ಆ ರಸ್ತೆಗೆ ಹೋದರು. ಗಿರಾಕಿಯ ಹಾಗೆ ಒಂದೊಂದೇ ಸಂದು ಹೊಕ್ಕು ಬಂದರು. ಹೊಲಿಗೆ ಅಂಗಡಿಯ ಹೆಂಗಸು ಯಂತ್ರಕ್ಕೆ ಮುಸುಕು ಹಾಕಿ ಕೂತಿದ್ದಳು. ಬೇಕರಿಯವನು ಬ್ರೆಡ್ಡು ಸುಡುವುದನ್ನು ಅರ್ಧಕ್ಕಿಳಿಸಿದ್ದ. ಕ್ಷೌರದಂಗಡಿಯವನಂತೂ “ಊರಲ್ಲಿ ಗಡ್ಡ ಬೆಳೆಯೋದು ನಿಂತಿಲ್ಲ ಮೇಡಂ, ಗಡ್ಡದವರು ಬರೋದು ನಿಂತಿದೆ” ಎಂದ. ಅವನು ನಗಿಸಲೆಂದೇ ಹೇಳಿದ್ದ. ಮೇಡಂಗೆ ನಗು ಬರಲಿಲ್ಲ. ತಾವು ಇಷ್ಟು ವರ್ಷ ಕಾದದ್ದು ಬೀದಿಯಲ್ಲಿ ನಡೆಯುವ ಜನರನ್ನು. ಈಗ ಬೀದಿಯಲ್ಲಿ ನಡೆಯುವವರೇ ಇಲ್ಲದ ಮೇಲೆ ಯಾರನ್ನು ಕಾಯುತ್ತಿದ್ದೇನೆ ಎಂಬ ಪ್ರಶ್ನೆ ಅವರ ಮನಸ್ಸನ್ನು ಕೊರೆಯತೊಡಗಿತು.

ನೇರವಾಗಿ ಮುಖ್ಯಾಧಿಕಾರಿಯ ಕೋಣೆಗೆ ಹೋದರು. ತಗಡಿಗೆ ಬೋರ್ಡು ಕಟ್ಟಲು ಬಿಡಬೇಕು ಎಂದದ್ದು ಕೇಳಿ ಅವರು ಕನ್ನಡಕ ಕೆಳಗಿಳಿಸಿ ನೋಡಿದರು.

“ಈ ಮಾತು ಹೇಳ್ತಿರೋದು ನೀವೇನಾ?”

“ನಾನೇ ಸರ್.”

“ಒಂದು ಕೆಲಸ ಮಾಡಿ. ರಸ್ತೆ ಮುಗಿಯೋವರೆಗೆ ಆ ಕಡೆ ಹೋಗಬೇಡಿ. ನೋಡಿಯೂ ನೋಡದ ಹಾಗೆ ಇದ್ದುಬಿಡಿ. ಯಾರು ಕೇಳ್ತಾರೆ?”

“ಅದು ನನಗೆ ಬರಲ್ಲ ಸರ್. ನಿಯಮ ಇದ್ರೆ ನಾನು ಕತ್ತರಿಸಲೇಬೇಕು. ಕತ್ತರಿಸಬಾರದು ಅಂದ್ರೆ ನಿಯಮ ಸಡಿಲ ಆಗಬೇಕು. ರಸ್ತೆ ಮುಗಿಯೋವರೆಗೆ ಮಾತ್ರ. ಕದ್ದುಮುಚ್ಚಿ ಅಲ್ಲ, ಸಭೆಯಲ್ಲಿಟ್ಟು.”

ಮುಖ್ಯಾಧಿಕಾರಿ ಕೆಟ್ಟ ಮನುಷ್ಯರಲ್ಲ, ಆದರೆ ತಲೆನೋವು ಯಾರಿಗೆ ಬೇಕು? “ಸರಿ, ಹೇಗೆ ಏನು ಅಂತ ಬರೆದು ತನ್ನಿ. ಆದ್ರೆ ಸಭೆಯಲ್ಲಿ ಮೇಷ್ಟ್ರು ಇದ್ದಾರೆ, ಮರೀಬೇಡಿ” ಎಂದರು.

ಮೇಡಂ ಮರೆತಿರಲಿಲ್ಲ. ಭುಜ ಮುರಿದುಕೊಂಡ ಆ ಮೇಷ್ಟ್ರು ನಿವೃತ್ತರಾಗಿ ಈಗ ನಗರಸಭೆಯ ಸದಸ್ಯರಾಗಿದ್ದರು. ಬೋರ್ಡುಗಳ ವಿಷಯದಲ್ಲಿ ಇಡೀ ಸಭೆಯಲ್ಲಿ ಇವರ ಬೆನ್ನಿಗೆ ನಿಂತಿದ್ದವರು ಅವರೊಬ್ಬರೇ.

ಮೊದಲು ಅಂಗಡಿಯವರನ್ನು ಒಪ್ಪಿಸಬೇಕಿತ್ತು. ಕ್ಷೌರದಂಗಡಿಯಲ್ಲಿ ಸಂಜೆ ಎಲ್ಲರೂ ಸೇರಿದರು. ತಿರುಗುವ ಕುರ್ಚಿಯಲ್ಲಿ ಹಾರ್ಡ್‌ವೇರ್ ಅಂಗಡಿಯ ದೊಡ್ಡಣ್ಣ ಕೂತಿದ್ದ. ಆಳೂ ದೊಡ್ಡದು, ದನಿಯೂ ದೊಡ್ಡದು, ಅದಕ್ಕೇ ಆ ಹೆಸರು. ಹೊಲಿಗೆಯವಳು ಬಾಗಿಲಲ್ಲೇ ನಿಂತಳು. ತಮ್ಮ ಮೂಲೆಯಲ್ಲಿ ಕನ್ನಡಿಗೆ ಒರಗಿದ್ದ.

“ಹುಲಿ ಬಂದು ಹಸುಗೆ ಮೇಯೋದು ಹೇಳಿಕೊಡ್ತಿದೆ” ಎಂದ ದೊಡ್ಡಣ್ಣ. ಎಲ್ಲರೂ ನಕ್ಕರು.

ಮೇಡಂ ಕೂಡ ನಕ್ಕು, ಗೋಡೆಯ ಕನ್ನಡಿಯ ಮೇಲೆ ಸೋಪಿನ ತುಂಡಿನಿಂದ ರಸ್ತೆಯ ನಕ್ಷೆ ಬರೆದರು. ರಸ್ತೆಯ ಎರಡು ತುದಿಗೂ ಎಲ್ಲ ಅಂಗಡಿಗಳ ಹೆಸರಿರುವ ಒಂದೊಂದು ದೊಡ್ಡ ಫಲಕ. ಪ್ರತಿ ಸಂದಿನ ಬಾಯಲ್ಲಿ, ಒಳಗೆ ಯಾವ ಅಂಗಡಿಗಳಿವೆಯೋ ಅವುಗಳ ಸಣ್ಣ ಬೋರ್ಡು. ಎಲ್ಲರದ್ದೂ ಒಂದೇ ಅಳತೆ. ಬಟ್ಟೆ ಅಥವಾ ತೆಳು ಹಲಗೆ ಮಾತ್ರ. ರಸ್ತೆ ತೆರೆದ ದಿನವೇ ಎಲ್ಲವನ್ನೂ ಬಿಚ್ಚಬೇಕು.

“ನನ್ನ ಅಂಗಡಿ ದೊಡ್ಡದು, ನನ್ನ ಬೋರ್ಡೂ ದೊಡ್ಡದಿರಲಿ” ಎಂದ ದೊಡ್ಡಣ್ಣ.

“ಗುಂಡಿ ಎಲ್ಲರ ಮುಂದೆಯೂ ಒಂದೇ ಅಳತೆ ಅಲ್ವಾ ಅಣ್ಣ?” ಎಂದರು ಮೇಡಂ. “ಇನ್ನೊಂದು ಮಾತು. ಒಬ್ಬರು ಅಳತೆ ಮೀರಿದ್ರೆ ಇಡೀ ರಸ್ತೆಯ ಬೋರ್ಡು ಇಳಿಯುತ್ತೆ.”

ಹೊಲಿಗೆಯವಳು ಕೇಳಿದಳು, “ಒಬ್ಬರ ತಪ್ಪಿಗೆ ಎಲ್ಲರಿಗೂ ಬರೆ ಯಾಕೆ ಮೇಡಂ?”

“ಯಾಕಂದ್ರೆ ನಾನು ಒಬ್ಬಳು, ನೀವು ಬೀದಿ ತುಂಬ ಇದ್ದೀರಿ. ನಾನು ನಿಮ್ಮನ್ನ ಕಾಯೋಕಾಗಲ್ಲ. ನೀವೇ ಒಬ್ಬರನ್ನೊಬ್ಬರು ಕಾಯಬೇಕು.”

ಕೊನೆಗೆ ಕ್ಷೌರದಂಗಡಿಯವನು, “ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು ಅಂದ್ರೆ ಇದೇ ದಾರಿ. ನಾನು ಒಪ್ಪಿದೆ” ಎಂದ. ಒಬ್ಬೊಬ್ಬರಾಗಿ ಉಳಿದವರೂ ಒಪ್ಪಿದರು. ತಮ್ಮ ಮಾತ್ರ ಮಧ್ಯದಲ್ಲೇ ಹೊರಟುಹೋದ.

ಸಭೆಯ ದಿನ ಮೇಡಂ ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದಿದ್ದರು. ಮಾತಾಡಲು ಎದ್ದು ನಿಂತಾಗ ಮೊದಲು ಹೇಳಿದ್ದೇ ಇದು: “ಆ ರಸ್ತೆಯಲ್ಲಿ ನನ್ನ ತಮ್ಮನ ಅಂಗಡಿ ಇದೆ. ನಾಳೆ ಯಾರೋ ಹೇಳೋದಕ್ಕಿಂತ ಇವತ್ತು ನಾನೇ ಹೇಳಿಬಿಡ್ತೀನಿ. ಒಪ್ಪಿಗೆ ಕೊಡೋ ಕೆಲಸ ನನಗೆ ಬೇಡ, ಬೇರೆಯವರಿಗೆ ಕೊಡಿ. ಆದ್ರೆ ನಾನು ಹೇಳೋದು ಸರಿಯೋ ತಪ್ಪೋ ಅಷ್ಟು ಮಾತ್ರ ನೋಡಿ.”

ಆಮೇಲೆ ತಾವು ಕಂಡದ್ದನ್ನೆಲ್ಲ ಹೇಳಿದರು. ಮುಸುಕು ಹೊದ್ದ ಹೊಲಿಗೆ ಯಂತ್ರ, ಅರ್ಧಕ್ಕಿಳಿದ ಬ್ರೆಡ್ಡು, ಹೆತ್ತ ಮಗನ ಅಂಗಡಿ ಹುಡುಕುತ್ತ ಹಲಗೆಯ ಮೇಲೆ ನಿಂತ ತಾಯಿ. ಕೆಲವರು ತಲೆದೂಗಿದರು. ಮೇಷ್ಟ್ರು ತಲೆದೂಗಲಿಲ್ಲ. ಎಡಗೈಯನ್ನು ಬಲಗೈಯಿಂದ ಎತ್ತಿ ಮೇಜಿನ ಮೇಲೆ ಇಟ್ಟುಕೊಂಡು ಎದ್ದರು.

“ಇವರು ನನಗೆ ಎಷ್ಟು ಬೇಕಾದವರು ಅಂತ ನಿಮಗೆಲ್ಲ ಗೊತ್ತು. ಆದ್ರೆ ಬೆರಳು ಕೊಟ್ರೆ ಹಸ್ತ ನುಂಗೋ ಜನ ನಾವು. ಇವತ್ತು ರಸ್ತೆ ಅಗೆದಿದ್ದಾರೆ ಅಂತ ಸಡಿಲಿಸಿ, ನಾಳೆ ಇನ್ನೊಂದು ನೆಪ. ಕೇಳ್ತಿರೋದು ನಾನಲ್ಲ, ನನ್ನ ಭುಜ ಅಂದ್ಕೊಳ್ಳಿ. ಕಟ್ಟೋಕೆ ಎಲ್ಲರೂ ಮುಂದೆ. ಬಿಚ್ಚೋರು ಯಾರು?”

ಬೇರೆ ಯಾರೇ ಕೇಳಿದ್ದರೂ ಮೇಡಂ ಉತ್ತರ ಪಟಪಟನೆ ಬರುತ್ತಿತ್ತು. “ಕಟ್ಟಿದವರೇ ಬಿಚ್ಚಬೇಕು ಮೇಷ್ಟ್ರೇ” ಎಂದರು ನಿಧಾನವಾಗಿ. “ಬಿಚ್ಚದಿದ್ರೆ ನಾನಿದ್ದೀನಿ. ನೀವು ಆಸ್ಪತ್ರೆಯಲ್ಲಿ ಕೊಟ್ಟ ಹೇಳಿಕೆ ನಾನು ಒಂದು ದಿನವೂ ಮರೆತಿಲ್ಲ. ಅದನ್ನ ಮರೀದೆಯೇ ಇದನ್ನು ಮಾಡೋಕೆ ಸಾಧ್ಯ ಅಂತ ನನ್ನ ನಂಬಿಕೆ. ಸಾಧ್ಯ ಇಲ್ಲ ಅಂತ ನಿಮಗೆ ಅನ್ನಿಸಿದ್ರೆ ಎಲ್ಲಿ ತಪ್ಪಿದೆ ಹೇಳಿ, ಅಲ್ಲೇ ತಿದ್ದೋಣ.”

ವಿದ್ಯಾರ್ಥಿಯ ಉತ್ತರಪತ್ರಿಕೆ ಓದುವವರ ಹಾಗೆ ಮೇಷ್ಟ್ರ ಹುಬ್ಬು ಗಂಟಿಕ್ಕಿತು. ಆಮೇಲೆ ಸರಿಯಿದ್ದ ಕೈಯನ್ನು ಎದೆಗೆ ಅಡ್ಡ ಹಿಡಿದು, “ಇದಕ್ಕಿಂತ ಮೇಲೆ ಒಂದೂ ಇರಕೂಡದು. ಬಿದ್ದರೆ ಕಾಲ ಮೇಲೆ ಬೀಳಲಿ, ತಲೆ ಮೇಲಲ್ಲ. ತಂತಿ ಬೇಡ, ದಾರ. ಬರೆದುಕೊಳ್ಳಿ” ಎಂದರು. ಆ ಸಾಲು ಸೇರಿದ ಮೇಲೆ, ರಸ್ತೆ ಮುಗಿಯುವವರೆಗೆ ನಿಯಮ ಸಡಿಲಿಸಲು ಸಭೆ ಒಪ್ಪಿತು. ಕೈಯೆತ್ತಿದವರಲ್ಲಿ ಮೇಷ್ಟ್ರೂ ಇದ್ದರು. ಮೇಡಂ ಹೊರಗೆ ಬಂದರು. ಇಷ್ಟು ವರ್ಷ ಎಷ್ಟೋ ಬೋರ್ಡು ಇಳಿಸಿದ್ದರೂ ಒಂದು ದಿನವೂ ಈ ಹೆಮ್ಮೆ ಆಗಿರಲಿಲ್ಲ.

ವಾರದೊಳಗೆ ಬೋರ್ಡುಗಳು ಎದ್ದವು. ಎಲ್ಲ ಒಂದೇ ಅಳತೆ, ಎದೆಮಟ್ಟ, ದಾರದ ಗಂಟು. ಮೇಡಂ ನೋಡಲು ಬಂದರೆ ಒಂದು ಬೋರ್ಡು ಮಾತ್ರ ಕಾಣಲಿಲ್ಲ. ತಮ್ಮನ ಅಂಗಡಿಯದು. ಒಳಗೆ ಹೋಗಿ, ಸಭೆಯ ನಂತರ ಮೊದಲ ಬಾರಿ ಅವನೊಡನೆ ಮಾತಾಡಿದರು.

“ನಿನ್ನದೆಲ್ಲೋ?”

“ನನಗೆ ಬೇಡ ಅಕ್ಕ.”

“ಕೋಪ ಇನ್ನೂ ಇಳಿದಿಲ್ವಾ?”

“ಕೋಪ ಅಲ್ಲ. ತಮ್ಮನಿಗೋಸ್ಕರ ನಿಯಮ ಬದಲಾಯಿಸಿದ್ಲು ಅಂತ ಯಾರೂ ಅನ್ನಬಾರದು. ನನ್ನದೊಂದು ಬೋರ್ಡು ಇಲ್ಲದಿದ್ರೆ ಅಂಗಡಿ ಮುಳುಗಲ್ಲ. ನಿನ್ನ ಮಾತಿಗೆ ಮಸಿ ಬಿದ್ರೆ ಅದನ್ನ ಒರೆಸೋಕಾಗುತ್ತಾ?”

ಚಿಕ್ಕಂದಿನಲ್ಲಿ ತಾವೇ ಬೆನ್ನ ಮೇಲೆ ಹೊತ್ತು ತಿರುಗಿದ ಆ ಪುಟ್ಟ ಹುಡುಗ ತಮಗಿಂತ ಎತ್ತರ ಬೆಳೆದಿದ್ದಾನೆ ಎಂದು ಮೇಡಂಗೆ ಅನ್ನಿಸಿತು.

ತಾಯಿಗೆ ಹೇಳಿದಾಗ, “ಇಬ್ಬರ ಹಠಾನೂ ಒಂದೇ ಒರಳಲ್ಲಿ ರುಬ್ಬಿದ್ದು” ಎಂದು ನಕ್ಕರು. ಆದರೆ ಅಂಗಡಿಯವರು ಸುಮ್ಮನಿರಲಿಲ್ಲ. ಎರಡು ದಿನ ಕಳೆದು ಬಂದಾಗ ಕ್ಷೌರದಂಗಡಿಯ ಬೋರ್ಡಿನಲ್ಲಿ ಹೊಸ ಸಾಲು: ‘ಕೂದಲು ಇಲ್ಲಿ, ಕಣ್ಣು ಪಕ್ಕದಲ್ಲಿ.’ ಬೇಕರಿಯದರಲ್ಲಿ: ‘ಬ್ರೆಡ್ಡು ಇಲ್ಲಿ. ಬೆಲೆ ಓದಲು ಕನ್ನಡಕ ಎರಡು ಬಾಗಿಲು ಆಚೆ.’ ಹೊಲಿಗೆಯವಳು ತನ್ನ ಬಟ್ಟೆಯ ಅಂಚಿನಲ್ಲಿ ಒಂದು ಜೋಡಿ ಕನ್ನಡಕವನ್ನು ದಾರದಲ್ಲೇ ಹೊಲಿದಿದ್ದಳು. ಅಳತೆ ಯಾವುದೂ ಮೀರಿರಲಿಲ್ಲ. ಓದಿದವರು ನಕ್ಕರು, ನಕ್ಕವರು ಒಳಗೆ ಬರತೊಡಗಿದರು. ಬೇರೆ ಬೀದಿಯವರೂ ಬೋರ್ಡು ಓದಲೆಂದೇ ಒಂದು ಸುತ್ತು ಹಾಕುತ್ತಿದ್ದರು.

ದೊಡ್ಡಣ್ಣ ಮಾತ್ರ ತನ್ನ ಜಾಯಮಾನ ಬಿಡಲಿಲ್ಲ. ಒಂದು ಬೆಳಿಗ್ಗೆ ಅವನ ಸಂದಿನ ಮೇಲೆ, ತಗಡಿಗಿಂತ ಎತ್ತರಕ್ಕೆ, ಹೊಸ ಬೋರ್ಡು ನಿಂತಿತ್ತು. ಸುದ್ದಿ ಮುಟ್ಟಿ ಮೇಡಂ ಬರುವಷ್ಟರಲ್ಲಿ ಹೊಲಿಗೆಯವಳು ಅದರ ಕೆಳಗೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಹಿಂದೆ ಬೇಕರಿಯವನು, ಬಣ್ಣದಂಗಡಿಯವನು, ಅರ್ಧ ಗಡ್ಡ ಹೆರೆಸಿಕೊಂಡ ಒಬ್ಬ ಗಿರಾಕಿ.

“ಅಣ್ಣ, ನಿಮ್ಮ ಬೋರ್ಡು ಇಳಿದ್ರೆ ಒಂದೇ ಇಳಿಯುತ್ತೆ. ಇಳಿಯದಿದ್ರೆ ನಮ್ಮದೆಲ್ಲ ಇಳಿಯುತ್ತೆ” ಎನ್ನುತ್ತಿದ್ದಳು ಅವಳು. “ನನ್ನ ಯಂತ್ರಕ್ಕೆ ಮತ್ತೆ ಮುಸುಕು ಹಾಕೋಕೆ ನಾನು ತಯಾರಿಲ್ಲ.”

ದೊಡ್ಡಣ್ಣ ಗೊಣಗಿದ, ನಕ್ಕ, ಮತ್ತೆ ಗೊಣಗಿದ. ಕೊನೆಗೆ ತನ್ನದೇ ಅಂಗಡಿಯ ಏಣಿ ತಂದು ತಾನೇ ಹತ್ತಿ ಬಿಚ್ಚಿದ. ಬೋರ್ಡು ಭಾರವಿತ್ತು. ಕೆಳಗೆ ಹಿಡಿದುಕೊಳ್ಳಲು ಅವನನ್ನು ಬೈದವರೇ ಕೈಕೊಟ್ಟರು. ಮೇಡಂ ದೂರದಲ್ಲೇ ಸ್ಕೂಟರ್ ನಿಲ್ಲಿಸಿ ನೋಡಿ, ಹತ್ತಿರವೂ ಹೋಗದೆ ಆಫೀಸಿಗೆ ತಿರುಗಿದರು. ತಾವಿಲ್ಲದೆಯೇ ತಮ್ಮ ಕೆಲಸ ನಡೆಯುವುದನ್ನು ನೋಡುವ ಸುಖ ಎಲ್ಲರಿಗೂ ಸಿಗುವುದಿಲ್ಲ.

ರಸ್ತೆ ತೆರೆದ ದಿನ ಬೆಳಿಗ್ಗೆ ಮೇಷ್ಟ್ರು ವಾಕಿಂಗ್ ನೆಪದಲ್ಲಿ ಆ ಕಡೆ ಬಂದರು. ಹೊಸ ಡಾಂಬರಿನ ವಾಸನೆ ಇನ್ನೂ ಇತ್ತು. ತಗಡುಗಳನ್ನು ಲಾರಿಗೆ ಏರಿಸುತ್ತಿದ್ದರು. ಅಂಗಡಿಯವರು ತಮ್ಮ ತಮ್ಮ ಬಾಗಿಲಲ್ಲಿ ಕೂತು ದಾರದ ಗಂಟು ಬಿಚ್ಚುತ್ತಿದ್ದರು. ಮೇಷ್ಟ್ರು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರು, ತಲೆಯೆತ್ತಿ ನೋಡಿದರು, ಎಲ್ಲೂ ಒಂದೂ ತೂಗುತ್ತಿರಲಿಲ್ಲ. ಕನ್ನಡಕದ ಅಂಗಡಿಗೆ ಹೋಗಿ ಸುಮ್ಮನೆ ಕಣ್ಣು ಪರೀಕ್ಷೆ ಮಾಡಿಸಿಕೊಂಡರು. ಹೊರಡುವಾಗ, “ನಿಮ್ಮಕ್ಕನಿಗೆ ಹೇಳಪ್ಪ, ಪೂರ್ತಿ ಅಂಕ ಕೊಟ್ಟಿದ್ದೀನಿ ಅಂತ” ಎಂದರು. ತಮ್ಮ ಅದನ್ನು ಫೋನಿನಲ್ಲಿ ಹೇಳಲಿಲ್ಲ. ಸಂಜೆ ಅಂಗಡಿ ಮುಚ್ಚಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಅಕ್ಕನ ಮನೆಗೆ ಬಂದೇ ಹೇಳಿದ. ತಾಯಿ ಮೂರು ಸಲ ಹೇಳಿಸಿ ಕೇಳಿದರು.

ಆ ಮೇಲೆ ನಗರಸಭೆ ಆ ಸಡಿಲಿಕೆಯನ್ನು ಒಂದೇ ರಸ್ತೆಗೆ ಬಿಡಲಿಲ್ಲ. ಇನ್ನು ಮುಂದೆ ಯಾವ ರಸ್ತೆ ಅಗೆದರೂ, ಅಗೆಯುವ ಮೊದಲೇ ಅಲ್ಲಿನ ಅಂಗಡಿಯವರಿಗೆ ಇದೇ ಕ್ರಮ ಎಂದು ತೀರ್ಮಾನಿಸಿತು. ಎದೆಮಟ್ಟದ ಮಾತು ಹಾಗೆಯೇ ಉಳಿಯಿತು. ಬಸ್ ನಿಲ್ದಾಣದ ಹಿಂದಿನ ಬೀದಿಯ ಸರದಿ ಬಂದಾಗ ಮೇಡಂ ಕ್ಷೌರದಂಗಡಿಯವನನ್ನೂ ಹೊಲಿಗೆಯವಳನ್ನೂ ಜೊತೆಗೆ ಕರೆದುಕೊಂಡು ಹೋದರು. ನಿಯಮ ಹೇಳಲು ತಾವು ಸಾಕು, ಅದು ನಡೆಯುತ್ತದೆ ಎಂದು ನಂಬಿಸಲು ಅವರೇ ಬೇಕು.

ಅಲ್ಲಿನವರು ಅನುಮಾನದಿಂದಲೇ ಸುತ್ತ ನೆರೆದರು. ಸೈಕಲ್ ರಿಪೇರಿಯವನೊಬ್ಬ, “ನಮ್ಮದು ರಸ್ತೆಗಿಂತ ತಗ್ಗಿನಲ್ಲಿದೆ ಮೇಡಂ, ಎದೆಮಟ್ಟಕ್ಕೆ ಹಾಕಿದ್ರೆ ಯಾರ ಕಣ್ಣಿಗೆ ಬೀಳುತ್ತೆ?” ಎಂದು ಕೇಳಿದ.

ಅದು ಯಾರೂ ಯೋಚಿಸದ ಮಾತಾಗಿತ್ತು. ಹೊಲಿಗೆಯವಳು ಮೇಡಂ ಮುಖ ನೋಡಿದಳು. ಮೇಡಂ ಚೀಲವನ್ನು ಅವಳ ಕೈಗೆ ಕೊಟ್ಟು, ಸೀರೆಯ ನೆರಿಗೆ ಎತ್ತಿ ಹಿಡಿದು, ಅವನ ಅಂಗಡಿಯ ಮೆಟ್ಟಿಲಿಳಿದರು. “ನೀನು ಮೇಲೆ ಹೋಗಿ ರಸ್ತೆಯಲ್ಲಿ ನಿಂತ್ಕೊಳ್ಳಪ್ಪ” ಎಂದರು. “ನಾನು ಇಲ್ಲಿಂದ ಕೈ ಎತ್ತುತ್ತೀನಿ. ಎಲ್ಲಿಗೆ ಬಂದಾಗ ಕಾಣುತ್ತೆ ಹೇಳು.”